ಎತ್ತಬಾರದ ಫೋನು

ಪಕ್ಕದ ಮನೆಯ ಸುನಂದಾ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾಳೆ. ಹೋದ ವಾರ ನಮ್ಮ ಗೇಟಿನ ಹತ್ತಿರ ನಿಂತು, "ಕಾಕಾ, ಫೋನ್ ಕಂಪನಿಗೋಳ ಮ್ಯಾಲ ರಿಸರ್ಚ್ ಮಾಡ್ತಿದ್ರಲ್ಲ ನೀವು, ಆ ಕೆಲಸಕ್ಕ ಯಾವ ಕೋರ್ಸ್ ಮಾಡ್ಬೇಕ್ರಿ?" ಎಂದು ಕೇಳಿದಳು. ವಿಚಾರ ಮಾಡಿ ಹೇಳುತ್ತೇನೆ ಅಂದೆ. ನಿಜ ಹೇಳಬೇಕೆಂದರೆ ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ. ತಾಂಡೂರಿನ ಈ ಮನೆಯಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿ ಬಹಳ ದಿನವಾಗಿತ್ತು. ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಆ ಪ್ರಶ್ನೆಯನ್ನು ಮುಗಿಸಿಬಿಡಲು ಮನಸ್ಸು ಬರಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಉತ್ತರ ಇಷ್ಟೇ, ಯಾವ ಕೋರ್ಸೂ ಇಲ್ಲ. ಈಗ ಬಂದಿದೆಯೇನೋ, ನನಗೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ಬಂದವರೆಲ್ಲ ಬೇರೆ ಯಾವುದೋ ಕೆಲಸದಿಂದ ಬಂದವರು. ಯಾವ ಕಂಪನಿಯ ಫೋನು ಎಲ್ಲಿ ಓಡುತ್ತಿದೆ, ಎಲ್ಲಿ ಕುಂಟುತ್ತಿದೆ, ಮುಂದಿನ ವರ್ಷ ಏನಾದೀತು ಎಂದು ಲೆಕ್ಕ ಹಾಕಿ ಬರೆಯುವುದು ನಮ್ಮ ಕೆಲಸ. ಅದನ್ನು ಓದಿ ಬಂಡವಾಳ ಹಾಕುವವರು ಹಾಕುತ್ತಾರೆ, ಟವರ್ ನಿಲ್ಲಿಸುವವರು ನಿಲ್ಲಿಸುತ್ತಾರೆ, ಕೀಳುವವರು ಕೀಳುತ್ತಾರೆ. ಯಾವ ವರದಿ ಕೈಗೆ ಬಂದರೂ ನಾನು ಮೊದಲು ಕೇಳುತ್ತಿದ್ದದ್ದು, ಇದನ್ನು ಬರೆದವರು ಈ ಕೆಲಸಕ್ಕೆ ಮುಂಚೆ ಏನು ಮಾಡುತ್ತಿದ್ದರು ಎಂದು. ಅದು ಗೊತ್ತಾದರೆ ಅವರ ಕಣ್ಣಿಗೆ ಏನು ಬಿದ್ದಿರುತ್ತದೆ, ಏನು ಬಿದ್ದಿರುವುದಿಲ್ಲ ಎಂಬುದು ಅರ್ಧ ಗೊತ್ತಾದ ಹಾಗೆಯೇ.

ನಾನು ಮುಂಚೆ ಜಹೀರಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ.

ಗೋಡೆಯಗಲದ ಬೋರ್ಡು, ಅದರ ತುಂಬ ತೂತುಗಳು, ಕೈಯಲ್ಲಿ ಪ್ಲಗ್ಗಿರುವ ವಯರು, ತಲೆಯ ಮೇಲೆ ಹೆಡ್‌ಫೋನು. ಒಬ್ಬರ ತೂತಿನಿಂದ ಇನ್ನೊಬ್ಬರ ತೂತಿಗೆ ವಯರು ಚುಚ್ಚಿದರೆ ಅವರಿಬ್ಬರೂ ಮಾತಾಡುತ್ತಿದ್ದರು. ಶುಂಠಿ ವ್ಯಾಪಾರಿಗಳು ಸೋಲಾಪುರಕ್ಕೆ ಕೂಗುತ್ತಿದ್ದರು, ಆಲೂಗಡ್ಡೆಯವರು ಹೈದರಾಬಾದಿಗೆ ಕೂಗುತ್ತಿದ್ದರು. ಆಗ ಫೋನಿನಲ್ಲಿ ಮೆತ್ತಗೆ ಮಾತಾಡುವವರೇ ಇರಲಿಲ್ಲ. ನಮ್ಮ ಸೂಪರ್‌ವೈಸರ್ ಖಾದ್ರಿ ಸಾಹೇಬರು ಸಣ್ಣ ದೇಹದ, ದೊಡ್ಡ ಸಿಟ್ಟಿನ ಮನುಷ್ಯ. ನಾನು ಸೇರಿದ ದಿನವೇ ಅವರು ಹೇಳಿದ್ದು, "ಬಾತಾಂ ನಕ್ಕೋ ಸುನೋ ಮಿಯಾ, ಲೈನ್ ಸುನೋ." ಮಾತು ಕೇಳಬೇಡ, ಲೈನು ಕೇಳು. ಲೈನು ಜೀವಂತ ಇದೆಯೋ ಇಲ್ಲವೋ ಅಷ್ಟೇ ನಿನ್ನ ಕೆಲಸ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದು ಕೂತಳು. ಗಂಡ ಮುಂಬಯಿಯ ಬಂದರಿನಲ್ಲಿ ದುಡಿಯುತ್ತಿದ್ದ. ಬಹಳ ಹೊತ್ತು ಕಾದ ಮೇಲೆ ಟ್ರಂಕ್ ಕಾಲ್ ಸಿಕ್ಕಿತು, ಅವಳನ್ನು ಗಾಜಿನ ಕೋಣೆಯೊಳಗೆ ಕಳಿಸಿದೆ. ಆ ಕಡೆಯಿಂದ "ಹಲೋ" ಎಂದ ಶಬ್ದ ಬಂತು. ಇವಳು "ಹಾಂ" ಅಂದಳು. ಆಮೇಲೆ ಇಬ್ಬರೂ ಸುಮ್ಮನಾದರು. ನಾನು "ಮಾತಾಡ್ರಿ, ಮಾತಾಡ್ರಿ" ಎಂದೆ. ಸದ್ದಿಲ್ಲ. ಲೈನು ಸತ್ತಿದೆ ಎಂದುಕೊಂಡು ಪ್ಲಗ್ಗು ಕೀಳಲು ಕೈ ಚಾಚಿದೆ. ಖಾದ್ರಿ ಸಾಹೇಬರು ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ಹೆಡ್‌ಫೋನು ತಮ್ಮ ಕಿವಿಗೆ ಒತ್ತಿಕೊಂಡು, "ಜಿಂದಾ ಹೈ", ಜೀವಂತ ಇದೆ, ಎಂದರು. ನಾನೂ ಕಿವಿಗೊಟ್ಟೆ. ಎರಡೂ ಕಡೆ ಉಸಿರು ಕೇಳುತ್ತಿತ್ತು, ಅಷ್ಟೇ. ವೇಳೆ ಮುಗಿದ ಮೇಲೆ ಆ ಹೆಂಗಸು ಹೊರಗೆ ಬಂದು ಸೆರಗು ಸರಿ ಮಾಡಿಕೊಂಡು ನನಗೆ ಹೇಳಿದಳು, "ಮಾತು ಛಲೋ ಆತ್ರೀ ಅಪ್ಪಾ."

ಬೋರ್ಡು ಹೋಗಿ ಯಂತ್ರ ಬಂದ ಮೇಲೆ ಆ ಕೋಣೆಯಲ್ಲಿ ಮನುಷ್ಯರ ದನಿಯೇ ಇಲ್ಲವಾಯಿತು. ಪೆಟ್ಟಿಗೆಗಳು ಕಟಕಟ ಅನ್ನುತ್ತಿದ್ದವು. ಖಾದ್ರಿ ಸಾಹೇಬರು ನಿವೃತ್ತರಾಗಿ ಹೋದರು. ನಾನು ಅಂಚೆ ಮೂಲಕ ಡಿಗ್ರಿ ಮಾಡಿಕೊಂಡೆ, ಪೇಪರಿನಲ್ಲಿ ಜಾಹೀರಾತು ನೋಡಿ ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಗೆ ಅರ್ಜಿ ಹಾಕಿದೆ. ಆಗ ಖಾಸಗಿ ಫೋನ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದವು, ಅವುಗಳ ಭವಿಷ್ಯ ಹೇಳುವವರಿಗೂ ಬೇಡಿಕೆ ಬಂದಿತ್ತು. ಸಂದರ್ಶನ ಮಾಡಿದವರು ರಂಗರಾಯರು, ರಾಯಚೂರು ಕಡೆಯವರು. "ನಿಮಗ ಮಾರ್ಕೆಟ್ ಬಗ್ಗೆ ಏನ್ ಗೊತ್ತದ?" ಎಂದು ಕೇಳಿದರು. "ಜಹೀರಾಬಾದ್ ಮಾರ್ಕೆಟ್ಟಿನಾಗ ಶುಂಠಿ ಛಲೋ ಸಿಗ್ತದ್ರಿ" ಎಂದೆ. ಹೆದರಿಕೆಯಿಂದ ಹೇಳಿದ್ದು. ಅವರು ತಮಾಷೆ ಎಂದುಕೊಂಡು ನಕ್ಕು ಕೆಲಸ ಕೊಟ್ಟರು.

ನಾವು ನಾಲ್ಕು ಜನ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ರಂಗರಾಯರು ಮುಂಚೆ ಲೆಕ್ಕಪರಿಶೋಧಕರು. ಅವರಿಗೆ ಯಾವ ಊರು ತೋರಿಸಿದರೂ ಮೊದಲು ಕಾಣುತ್ತಿದ್ದದ್ದು ಅದರ ಗಳಿಕೆ. ವೆಂಕಟ್ ಟವರ್ ಹತ್ತಿ ಇಳಿದು ಬಂದ ಎಂಜಿನಿಯರು. ಮದುವೆಗೆ ಹೋದರೂ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಸಿಗ್ನಲ್ ಎಲ್ಲಿ ಜೋರಾಗಿದೆ ಎಂದು ಮಂಟಪದ ಮೂಲೆ ಮೂಲೆ ತಿರುಗುವ ಜಾತಿ. ಫರೀದಾ ಉರ್ದು ಪತ್ರಿಕೆಯೊಂದರಲ್ಲಿ ವರದಿಗಾರ್ತಿಯಾಗಿದ್ದವಳು; ಮೊದಲ ಸಾಲು ಸಿಗುವವರೆಗೆ ಉಣ್ಣುತ್ತಿರಲಿಲ್ಲ, ಸಿಕ್ಕ ಮೇಲೆ ಮಿಕ್ಕಿದ್ದು ನಿಜವೋ ಸುಳ್ಳೋ ಎಂದು ನಾವು ನೋಡಬೇಕಾಗುತ್ತಿತ್ತು. ಇನ್ನು ನಾನು, ಲೈನು ಜೀವಂತ ಇದೆಯೇ ಎಂದು ಕಿವಿಗೊಡುವವನು. ದಿನಾ ಜಗಳವಾಡುತ್ತಿದ್ದೆವು. ಅಷ್ಟು ಮಾತು ಆಮೇಲೆ ನಾನು ಯಾರ ಹತ್ತಿರವೂ ಆಡಿಲ್ಲ.

ನಾವು ಮಾಡಿದ ಒಂದು ಎಡವಟ್ಟು ಹೇಳಲೇಬೇಕು. ಬೀದರಿಗೆ ಹೊಂದಿಕೊಂಡ ಮೊಗುಡಂಪಲ್ಲಿ ಕಡೆಯ ಹಳ್ಳಿಗಳಲ್ಲಿ ಜನಕ್ಕಿಂತ ಫೋನ್ ನಂಬರುಗಳೇ ಹೆಚ್ಚಾಗಿದ್ದವು. ರಂಗರಾಯರು ಲೆಕ್ಕ ಎರಡು ಸಲ ಕೂಡಿ ನೋಡಿದರು, ಸರಿಯೇ ಇತ್ತು. ಗಡಿ ಭಾಗದಲ್ಲಿ ಸಿರಿ ಉಕ್ಕುತ್ತಿದೆ ಎಂದು ಫರೀದಾ ಮೊದಲ ಸಾಲು ಬರೆದಳು. ನಾನೂ ತಲೆಯಾಡಿಸಿದೆ, ನನ್ನ ಸೀಮೆ ಸಿರಿವಂತವಾದರೆ ಯಾರಿಗೆ ಬೇಡ? ವರದಿ ಹೋಯಿತು, ಹೊಗಳಿಕೆಯೂ ಬಂತು. ಒಂದು ದಿನ ನಾನು ಊರಿಗೆ ಹೋಗುವಾಗ ಅಲ್ಲಿ ಬಸ್ಸಿಳಿದು ಪಾನ್ ಡಬ್ಬಿಯ ಮುಂದೆ ನಿಂತಿದ್ದೆ. ಕೂಲಿಗೆ ಹೊರಟ ಒಬ್ಬಾತ ಫೋನು ಬಿಚ್ಚಿ ಒಂದು ಸಿಮ್ ತೆಗೆದು ಬೀಡಿ ಕಟ್ಟಿನೊಳಗೆ ಇಟ್ಟುಕೊಂಡ, ಜೇಬಿನಿಂದ ಇನ್ನೊಂದು ತೆಗೆದು ಹಾಕಿದ. ಯಾಕೆ ಎಂದು ಕೇಳಿದೆ. "ಆ ನಾಲಾ ದಾಟಿದ್ರ ಕರ್ನಾಟಕದ ಟವರ್ ಹಿಡೀತದ್ರಿ, ರೊಕ್ಕ ಕಟ್ ಆಗ್ತಾವ. ಎಲ್ಲಾರ ಹಂತ್ಯಾಕೂ ಎರಡೆರಡು ಅವ" ಎಂದ. ಒಬ್ಬನನ್ನೇ ನಾವು ಇಬ್ಬರೆಂದು ಎಣಿಸಿದ್ದೆವು. ಆಫೀಸಿಗೆ ಬಂದು ಹೇಳಿದಾಗ ನಾಲ್ವರೂ ಬಹಳ ಹೊತ್ತು ನಕ್ಕೆವು, ಆಮೇಲೆ ತಿದ್ದುಪಡಿ ಬರೆಯಲು ಕೂತೆವು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸದ ನೆನಪಿನಲ್ಲಿ ಅವಳದೇ ದೊಡ್ಡ ಪಾಲು.

ನಾವು ಕುರಿ ಸಾಕುವ ಮನೆತನದವರು. ಅವ್ವ ಅಪ್ಪ ಬೇಗ ಹೋದರು. ಅಕ್ಕ ಮಾಳಮ್ಮ ಕಲ್ಹೇರದ ಆಚೆಯ ಒಂದು ಹಳ್ಳಿಗೆ ಲಗ್ನವಾಗಿ ಹೋಗುವಾಗ ನನ್ನನ್ನೂ ಕೈಹಿಡಿದು ಕರೆದುಕೊಂಡು ಹೋದಳು. ಅವಳ ಮನೆಯ ರೊಟ್ಟಿ ಕಟ್ಟಿಕೊಂಡು ನಾರಾಯಣಖೇಡದಲ್ಲಿ ಓದಿದೆ. ನನ್ನ ಕೆಲಸ ಏನೆಂದು ಅವಳಿಗೆ ಕಡೆಗೂ ತಿಳಿಯಲಿಲ್ಲ. "ಯಾರು ಎಲ್ಲಿ ಎಷ್ಟು ಫೋನ್ ಮಾಡ್ತಾರ ಅಂತ ನೋಡ್ತೀನಿ ಅಕ್ಕಾ" ಎಂದು ಹೇಳಿದ್ದೆ. "ಮಂದಿ ಫೋನ್ ಮಾಡಿದ್ರ ನಿನಗೇನು? ಅದಕ್ಕ ಪಗಾರ ಕೊಡ್ತಾರಾ?" ಎಂದು ಕೇಳಿ, ಪಾಪ, ತಮ್ಮ ಏನೋ ಮುಚ್ಚಿಡುತ್ತಿದ್ದಾನೆ ಎಂಬಂತೆ ನನ್ನನ್ನು ನೋಡಿದ್ದಳು.

ಅವಳ ಊರಿಗೆ ಟವರ್ ಬಂದ ವರ್ಷ ನಾನೇ ಒಂದು ಫೋನು ಕೊಂಡುಕೊಟ್ಟೆ. ಅವಳೇ ಕಟ್ಟಳೆ ಮಾಡಿದಳು. "ಹೊತ್ತು ಮುಣುಗಿ ಕುರಿ ದೊಡ್ಡಿಗಿ ಬಂದ ಮ್ಯಾಲ ನಾ ಒಂದ್ ಸಲ ರಿಂಗ್ ಕೊಡ್ತೀನಿ. ನೀ ಎತ್ತಬ್ಯಾಡ. ರಿಂಗ್ ಬಂತಂದ್ರ ನಾವ್ ಎಲ್ಲಾ ಛಲೋ ಇದ್ದೀವಿ ಅಂತ ತಿಳ್ಕೋ. ನೀನೂ ತಿರುಗಿ ಒಂದ್ ರಿಂಗ್ ಕೊಡು, ನಾ ಎತ್ತಂಗಿಲ್ಲ. ಎತ್ತಿದ್ರ ಏನೋ ಕೇಡ ಆಗ್ಯಾದ ಅಂತ ಅರ್ಥ." ಹಾಗೆಯೇ ನಡೆಯಿತು. ನಾನು ಮೀಟಿಂಗಿನಲ್ಲಿರಲಿ, ಬಸ್ಸಿನಲ್ಲಿರಲಿ, ಸಂಜೆ ಒಮ್ಮೆ ಫೋನು ಕೂಗಿ ನಿಲ್ಲುತ್ತಿತ್ತು. ನಾನು ತಿರುಗಿ ಒಂದು ಸಲ ಕೂಗಿಸಿ ನಿಲ್ಲಿಸುತ್ತಿದ್ದೆ. ಎಲ್ಲೋ ಒಂದು ಕಡೆ ನನ್ನನ್ನು ಎಣಿಸಿ ದೊಡ್ಡಿಯೊಳಗೆ ಸೇರಿಸಿಕೊಂಡ ಹಾಗೆ ಅನಿಸುತ್ತಿತ್ತು. ಅವಳೊಬ್ಬಳೇ ಅಲ್ಲ, ಆ ಹಳ್ಳಿಗಳ ಮಂದಿಯೆಲ್ಲ ಹಾಗೇ. ಗುಡ್ಡದ ಮೇಲಿನ ಕುರುಬ ಒಂದು ರಿಂಗ್ ಕೊಟ್ಟರೆ ಬುತ್ತಿ ತಾ, ಎರಡು ಕೊಟ್ಟರೆ ನಾಯಿ ಕಳಿಸು. ಖರ್ಚಿಲ್ಲ, ಮಾತಿಲ್ಲ, ಎಲ್ಲ ತಿಳಿಯುತ್ತಿತ್ತು.

ಒಂದು ದೊಡ್ಡ ಕಂಪನಿ ನಮ್ಮ ಸಂಸ್ಥೆಗೆ ಕೆಲಸ ಕೊಟ್ಟಿತು. ಒಣಭೂಮಿಯ ಸೀಮೆಯಲ್ಲಿ ಯಾವ ಟವರ್‌ಗಳನ್ನು ಮುಚ್ಚಬಹುದು ಎಂದು ಹೇಳಬೇಕು. ಮಾಹಿತಿ ಬಂತು. ನಾಲ್ವರೂ ಮೇಜಿನ ಸುತ್ತ ಕೂತು ನೋಡುತ್ತಿದ್ದೆವು. ಮೊದಲ ಹಾಳೆಯಲ್ಲೇ ಅಕ್ಕನ ಊರಿನ ಟವರ್ ಇತ್ತು.

ರಂಗರಾಯರು, "ಇದು ಡೀಸೆಲ್ ಕುಡೀತದ, ಏನೂ ಗಳಿಸಂಗಿಲ್ಲ. ಬಂದ್ ಮಾಡಬಹುದು" ಎಂದರು. ವೆಂಕಟ್ ಇನ್ನೊಂದು ಕಾಲಂ ತೋರಿಸಿದ. ಇಲ್ಲಿಂದ ಹೋಗುವ ಕರೆಗಳಲ್ಲಿ ಹೆಚ್ಚಿನವು ಮುಟ್ಟುತ್ತಲೇ ಇಲ್ಲ, ಸಂಜೆಯ ಹೊತ್ತಿಗಂತೂ ಪೂರ್ತಿ ವಿಫಲ, ಯಂತ್ರವೇ ಕೆಟ್ಟಿರಬೇಕು, ರಿಪೇರಿ ಮಾಡುವುದಕ್ಕಿಂತ ಕೀಳುವುದೇ ಸುಲಭ ಎಂದ. ಇಬ್ಬರೂ ತಮ್ಮ ತಮ್ಮ ಕಣ್ಣಿಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳುತ್ತಿದ್ದರು. ನನಗೆ ಮಾತ್ರ ಆ ಕಾಲಮ್ಮಿನ ತುಂಬ ಸಂಜೆಯ ರಿಂಗುಗಳು ಕೇಳಿಸುತ್ತಿದ್ದವು.

"ಇವು ವಿಫಲ ಆದ ಕರೆ ಅಲ್ರಿ. ಇವೆಲ್ಲ ಮುಟ್ಟ್ಯಾವ. ಎತ್ತಬಾರದು ಅಂತಲೇ ಎತ್ತಿಲ್ಲ" ಎಂದೆ. ಕಟ್ಟಳೆಯನ್ನು ಬಿಡಿಸಿ ಹೇಳಿದೆ. ಫರೀದಾ ಪೆನ್ನು ಕೆಳಗಿಟ್ಟು ಕೇಳಿದಳು. ರಂಗರಾಯರೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಬೀರಪ್ಪನವ್ರ, ನಿಮಗ ಇಷ್ಟು ಹ್ಯಾಂಗ ಗೊತ್ತು? ಆ ಊರಾಗ ನಿಮ್ಮವ್ರು ಯಾರರ ಇದ್ದಾರೇನು?" ಎಂದರು.

ಇಲ್ಲ ಅನ್ನಬಹುದಿತ್ತು. ಇಲ್ಲ ಅಂದಿದ್ದರೆ ಆ ವರದಿ ನನ್ನ ಕೈಯಲ್ಲೇ ಇರುತ್ತಿತ್ತು. ಅಕ್ಕ ಇದ್ದಾಳೆ ಎಂದೆ. ಬೇರೆ ಮಾತು ಬಾಯಿಗೆ ಬರಲೇ ಇಲ್ಲ.

"ಹಂಗಾದ್ರ ಈ ವರದಿ ನೀವು ಬರಿಯೂದು ಬ್ಯಾಡ್ರಿ. ನಮ್ಮ ಕೆಲಸದಾಗ ಅದು ನಡೆಂಗಿಲ್ಲ. ಫರೀದಾ ಬರೀತಾಳ." ಕೋಪವಿಲ್ಲದೆ ಹೇಳಿದರು, ನಿಯಮ ಹಾಗೇ ಇತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೂ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಸೇರಲಿಲ್ಲ. ಹೇಳಿಕೊಳ್ಳೋಣ ಅಂದರೆ ಹೆಂಡತಿ ಶಾಂತಾ ತಾಂಡೂರಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು, ನಾನು ವಾರಕ್ಕೊಮ್ಮೆ ರೈಲು ಹಿಡಿದು ಇಲ್ಲಿಗೆ ಬರುವವನು. ಮಿಕ್ಕ ದಿನ ಬಾಡಿಗೆ ಕೋಣೆಯ ಗೋಡೆ. ಸುನಂದಾ, ಈ ಕೆಲಸದಲ್ಲಿ ಇದು ಯಾರೂ ಹೇಳದ ಸಂಗತಿ. ಲಕ್ಷಾಂತರ ಜನ ಯಾರ ಜೊತೆ ಮಾತಾಡುತ್ತಾರೆ ಎಂದು ನೋಡುತ್ತ ಕೂರುತ್ತೀ, ಸಂಜೆ ನಿನ್ನ ಜೊತೆ ಮಾತಾಡುವವರು ಯಾರೂ ಇರುವುದಿಲ್ಲ. ನೆಟ್ಟಗಾದರೆ ಧನ್ಯವಾದ ಹೇಳಲು ಯಾರೂ ಬರುವುದಿಲ್ಲ, ಕೆಟ್ಟರೆ ಬೈಯಲಿಕ್ಕೂ ಬರುವುದಿಲ್ಲ.

ಫರೀದಾ ಹಳೆಯ ವರದಿಗಾರ್ತಿ, ಕೂತಲ್ಲೇ ಬರೆಯುವವಳಲ್ಲ. ಬಸ್ಸು ಹತ್ತಿ ಅಕ್ಕನ ಊರಿಗೆ ಹೋದಳು, ಒಂದು ಸಂಜೆ ಅಲ್ಲಿದ್ದು ಬಂದಳು. ಬಂದವಳೇ ನನ್ನ ಮೇಜಿಗೆ ಕೈಯೂರಿ, "ಕ್ಯಾ ಗಾಂವ್ ಹೈ ಬೀರಪ್ಪಾ! ಶಾಮ್ ಕೋ ಸಬ್ ಫೋನ್ ಪಕಡಕೇ ಬೈಠತೇ, ಉಠಾತಾಚ್ ನೈ ಕೋಯಿ!" ಎಂದಳು. ಸಂಜೆಯಾದರೆ ಎಲ್ಲರೂ ಫೋನು ಹಿಡಿದು ಕೂರುತ್ತಾರೆ, ಒಬ್ಬರೂ ಎತ್ತುವುದಿಲ್ಲವಂತೆ. ನನ್ನ ಅಕ್ಕ ಅವಳಿಗೆ ಮಜ್ಜಿಗೆ ಕೊಟ್ಟಿದ್ದಳು. ತಾನು ನನ್ನ ಆಫೀಸಿನವಳೆಂದು ಫರೀದಾ ಹೇಳಿರಲಿಲ್ಲ, ನಿಯಮ. ಅವಳು ಅದನ್ನೆಲ್ಲ ಸೊಗಸಾಗಿ ಬರೆದಳು. ರಂಗರಾಯರು ಓದಿ, "ಇದು ಛಲೋ ಅದ, ಆದ್ರ ಕತಿ ಆತು, ವರದಿ ಆಗಲಿಲ್ಲ" ಎಂದು ಅರ್ಧ ಹೊಡೆದುಹಾಕಿದರು. ಉಳಿದ ಅರ್ಧ ಕಂಪನಿಗೆ ಹೋಯಿತು.

ಆಮೇಲೆ ಕಾಯುವುದು. ನಿರ್ಧಾರ ಯಾವಾಗ ಬರುತ್ತದೆ ಎಂದು ನಮಗೆ ಹೇಳುವವರಿಲ್ಲ. ಸಂಜೆ ರಿಂಗ್ ಬಂದರೆ ಟವರ್ ಇನ್ನೂ ಇದೆ ಎಂದು ತಿಳಿಯುತ್ತಿತ್ತು. ಆ ದಿನಗಳಲ್ಲಿ ಅಕ್ಕ ಛಲೋ ಇದ್ದಾಳೆ ಎನ್ನುವುದು ನನಗೆ ಎರಡನೆಯ ಸುದ್ದಿಯಾಗಿಬಿಟ್ಟಿತ್ತು.

ಒಂದು ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ನಾನು ಫೋನು ಮಾಡಿದರೆ ಸಂಪರ್ಕವಿಲ್ಲ ಎಂದು ಹೆಣ್ಣುದನಿಯೊಂದು ಹೇಳುತ್ತಿತ್ತು. ಕಿತ್ತೇಬಿಟ್ಟರು ಎಂದುಕೊಂಡೆ. ರಜೆ ಹಾಕಿ ನಾರಾಯಣಖೇಡದ ಬಸ್ಸು ಹತ್ತಿದೆ, ಅಲ್ಲಿಂದ ಕಲ್ಹೇರಕ್ಕೆ ಆಟೋ. ದೂರದಿಂದಲೇ ಕತ್ತು ಚಾಚಿ ನೋಡಿದೆ, ಟವರ್ ನಿಂತಿತ್ತು. ಅಕ್ಕ ಅಂಗಳದಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ನನ್ನನ್ನು ಕಂಡವಳೇ ಸೊಪ್ಪು ಕೆಳಗೆ ಬಿಟ್ಟು ನಿಂತಳು.

"ಯಾರು ಹೋದ್ರೋ?"

"ಯಾರೂ ಇಲ್ಲ ಅಕ್ಕಾ. ನಿನ್ನ ರಿಂಗ್ ಬರಲಿಲ್ಲ, ಅದಕ್ಕ ಬಂದೆ."

"ಟವರಿಗಿ ಡೀಸೆಲ್ ಹಾಕವಲ್ರಂತ. ನಾ ದಿನಾ ಹೊಡೀಲಾಕತ್ತೀನಿ, ಹೋಗವಲ್ದು." ಅವಳು ಕೂತುಕೊಂಡಳು. ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. "ಹೆದರಿಸಿಬಿಟ್ಟಿ ನೋಡು."

ಟವರ್ ತೆಗೆಯಬಹುದು ಎಂದು ಅವಳಿಗೆ ಹೇಳಬಾರದಿತ್ತು, ಆಫೀಸಿನ ಗುಟ್ಟು. ಸುತ್ತುಬಳಸಿ ಕೇಳಿದೆ, "ಅಕ್ಕಾ, ಈ ಟವರ್ ತಗದೇಬಿಟ್ರ ಏನ್ ಮಾಡ್ತಿ?"

ಅವಳು ಕೆಳಗೆ ಬಿದ್ದ ಸೊಪ್ಪು ಕೂಡಿಸತೊಡಗಿದಳು. "ಮೊದಲೇನ್ ಇತ್ತಾ? ನೀ ಹೈದರಾಬಾದಿಗಿ ಹೋದ ಹೊಸತಾಗ ತಿಂಗಳಾನಗಟ್ಲೆ ನೀ ಇದ್ದೀಯೋ ಇಲ್ಲೋ ಗೊತ್ತಾಗ್ತಿದ್ದಿಲ್ಲ. ಆಗೂ ರೊಟ್ಟಿ ಉಂಡೀನಿ, ನಿದ್ದಿ ಮಾಡೀನಿ. ಈಗ ಆಗಂಗಿಲ್ಲೋ ಬೀರ್ಯಾ. ರೂಢಿ ಆಗ್ಯಾದ. ಈ ಎರಡ್ ದಿನ ಬಾಯಾಗ ತುತ್ತು ಇಳೀಲಿಲ್ಲ ನನಗ." ನನಗೂ ಇಳಿದಿರಲಿಲ್ಲ. ಆ ಸಂಜೆ ಅವಳ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತ ಉಂಡೆ, ಬೆಳಗಿನ ಬಸ್ಸಿಗೆ ಹೊರಟೆ. ಹೈದರಾಬಾದ್ ಮುಟ್ಟಿದ ಸಂಜೆ ಫೋನು ಒಮ್ಮೆ ಕೂಗಿ ನಿಂತಿತು. ಡೀಸೆಲ್ ಬಂದಿತ್ತು.

ಆ ಟವರ್ ಉಳಿಯಿತು. ನಮ್ಮ ವರದಿಯಿಂದ ಉಳಿಯಿತು ಎಂದು ಬರೆಯುವ ಆಸೆ ನನಗೂ ಇದೆ. ಹಾಗೇನೂ ಆಗಲಿಲ್ಲ. ಇನ್ನೊಂದು ಕಂಪನಿ ಬಂದು ಅದೇ ಕಂಬಕ್ಕೆ ತನ್ನ ಪೆಟ್ಟಿಗೆಯನ್ನೂ ತೂಗುಹಾಕಿತು, ಖರ್ಚು ಹಂಚಿಹೋಯಿತು, ಅಷ್ಟೇ. ನಮ್ಮ ವರದಿಯನ್ನು ಕೆಲಸ ಕೊಟ್ಟ ಕಂಪನಿಯಲ್ಲಿ ಯಾರೂ ಪೂರ್ತಿ ಓದಿರಲಿಲ್ಲ ಎಂದು ಬಹಳ ದಿನದ ಮೇಲೆ ಅಲ್ಲಿಯ ಅಧಿಕಾರಿಯೊಬ್ಬರು ಚಹಾ ಕುಡಿಯುತ್ತ ಹೇಳಿದರು. ಫರೀದಾಗೆ ಇದನ್ನು ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

ಮುಂದಿನದು ಬೇಗ ಬೇಗ ನಡೆಯಿತು. ಫರೀದಾ ಮಗಳ ಹತ್ತಿರ ಜೆಡ್ಡಾಗೆ ಹೋದಳು. ವೆಂಕಟ್ ಒಂದು ಕಂಪನಿ ಸೇರಿ ದೆಹಲಿಗೆ ಹೋದ. ರಂಗರಾಯರು ನಿವೃತ್ತರಾಗಿ ಒಂದೇ ವರ್ಷಕ್ಕೆ ತೀರಿಕೊಂಡರು. ಸುದ್ದಿ ತಡವಾಗಿ ಬಂತು, ಮಣ್ಣಿಗೂ ಹೋಗಲಾಗಲಿಲ್ಲ. ಕೋಣೆಗೆ ಹೊಸ ಹುಡುಗ ಹುಡುಗಿಯರು ಬಂದರು. ಎಲ್ಲರೂ ಒಂದೇ ಥರದ ಓದು ಓದಿ ಬಂದವರು, ಜಾಣರು, ಒಳ್ಳೆಯವರು. ಕಿವಿಗೆ ಹತ್ತಿಯಂತೆ ಏನೋ ತುರುಕಿಕೊಂಡು ಸಂಜೆತನಕ ಪರದೆ ನೋಡುತ್ತಿದ್ದರು. ಹಿಂದಿನ ಕೆಲಸ ಎಂಬುದು ಅವರಿಗೆ ಇರಲೇ ಇಲ್ಲ, ಅದಕ್ಕೇ ಜಗಳವೂ ಇರಲಿಲ್ಲ. ಎಲ್ಲರಿಗೂ ಒಂದೇ ಕಾಣುತ್ತಿತ್ತು. ನನಗೆ ಆ ಜಗಳ ಬೇಕಾಗಿತ್ತು.

ಅಷ್ಟರಲ್ಲಿ ಕರೆಗಳೆಲ್ಲ ಪುಕ್ಕಟೆಯಾದವು. ಎಷ್ಟು ಮಾತಾಡಿದರೂ ಅಷ್ಟೇ. ಎತ್ತದೆ ಬಿಡುವ ಕರೆಗಳ ಗೆರೆ ಪರದೆಯ ಮೇಲೆ ಸರಸರ ಇಳಿದುಹೋಯಿತು. "ಸರ್, ಈ ಭಾಗದಲ್ಲಿ ನೆಟ್‌ವರ್ಕ್ ತುಂಬ ಸುಧಾರಿಸಿದೆ" ಎಂದು ಒಬ್ಬ ಹುಡುಗ ಖುಷಿಯಿಂದ ತೋರಿಸಿದ. ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಅಷ್ಟೊಂದು ಮಂದಿ ಒಬ್ಬರಿಗೊಬ್ಬರು ಛಲೋ ಇದ್ದೀವಿ ಎಂದು ಹೇಳುವುದನ್ನು ಬಿಟ್ಟಿದ್ದರು.

ಅಕ್ಕ ಬಿಡಲಿಲ್ಲ. ಈಗ ಮಾತಾಡಿದರೂ ರೊಕ್ಕ ಹೋಗುವುದಿಲ್ಲ ಎಂದು ಒಮ್ಮೆ ಹೇಳಿದೆ. "ದಿನಾ ಏನ್ ಮಾತಾಡೂದೋ? ಕುರಿ ಬಂದವು, ನಾ ಇದ್ದೀನಿ, ನೀ ಇದ್ದಿ. ಅದು ರಿಂಗಿನಾಗೇ ಬರ್ತದಲ್ಲ" ಎಂದಳು.

ನಾನು ನಿವೃತ್ತನಾಗುವ ಮುಂಚಿನ ಚಳಿಗಾಲದಲ್ಲಿ ಶಾಂತಾ ತೀರಿಹೋದಳು. ಇಬ್ಬರೂ ಒಂದೇ ಮನೆಯಲ್ಲಿ ಪೂರ್ತಿ ವಾರ ಇರೋಣ ಎಂದು ಅವಳು ಈ ಮನೆಗೆ ತಾಂಡೂರಿನ ಕಲ್ಲು ಹಾಸಿ ತಯಾರು ಮಾಡಿಟ್ಟಿದ್ದಳು. ನಾನು ಪೂರ್ತಿ ವಾರ ಇರಲು ಬಂದಾಗ ಅವಳಿರಲಿಲ್ಲ. ಮಕ್ಕಳಿಲ್ಲ. ಹಗಲೆಲ್ಲ ಫೋನು ಕೂಗುತ್ತದೆ. ಸಾಲ ಬೇಕೇ, ವಿಮೆ ಬೇಕೇ, ಒಂದು ಒತ್ತಿ, ಎರಡು ಒತ್ತಿ. ರೆಕಾರ್ಡ್ ಮಾಡಿದ ದನಿಗಳು. ಹಳೆಯ ರೂಢಿಯಿಂದ ಉಸಿರು ಕೇಳುತ್ತದೆಯೇ ಎಂದು ಕಿವಿಗೊಡುತ್ತೇನೆ, ಇರುವುದಿಲ್ಲ. ಉಸಿರಾಡುವ ಮನುಷ್ಯರು ಕೊಡುವುದು ಸಂಜೆಯ ಆ ಒಂದು ರಿಂಗ್ ಮಾತ್ರ, ಅದನ್ನು ಎತ್ತುವಂತಿಲ್ಲ.

ಹೋದ ತಿಂಗಳು ಒಂದು ದಿನ ಬೆಳಗಿನಿಂದ ನನ್ನ ದನಿ ನಾನೇ ಕೇಳಿರಲಿಲ್ಲ. ಹಾಲಿನವನು ಪ್ಯಾಕೆಟ್ ಗೇಟಿಗೆ ಸಿಕ್ಕಿಸಿ ಹೋಗಿದ್ದ, ಸುನಂದಾಳ ಮನೆಯವರು ಊರಿಗೆ ಹೋಗಿದ್ದರು. ಸಂಜೆ ನಾನು ಅಡುಗೆಮನೆಯಲ್ಲಿ ನಿಂತಿದ್ದೆ, ಬೆಳಗಿನ ಅನ್ನ ಬಿಸಿ ಮಾಡುತ್ತಿದ್ದೆ. ಫೋನು ಕೂಗಿತು. ಅಕ್ಕ. ಕೈ ಹೋಗಿಬಿಟ್ಟಿತು. ಎತ್ತಿದೆ.

ಆ ಕಡೆ ಉಸಿರು ನಿಂತ ಹಾಗಾಯಿತು.

"ಏನಾತೋ?" ಅಕ್ಕ ಕೇಳಿದಳು. "ಬೀರ್ಯಾ, ಏನಾತೋ? ಯಾಕ ಎತ್ತಿದಿ?"

"ಏನೂ ಆಗಿಲ್ಲ ಅಕ್ಕಾ."

"ಸುಳ್ಳು ಹೇಳಬ್ಯಾಡ. ಎದಿ ನೋಯ್ಲಾಕತ್ತದೇನು? ಬಿದ್ದಿಯೇನು? ಹಂತ್ಯಾಕ ಯಾರಿದ್ದಾರ?"

"ಯಾರೂ ಇಲ್ಲ." ಅದನ್ನು ಹೇಳಿದ ಮೇಲೆ ಮುಂದಿನದು ತಡೆಯಲಾಗಲಿಲ್ಲ. "ಯಾರೂ ಇಲ್ಲ ಅಕ್ಕಾ. ಅದಕ್ಕೇ ಎತ್ತಿದೆ."

ಆ ಕಡೆಯಿಂದ ಅವಳ ಉಸಿರು ಕೇಳುತ್ತಿತ್ತು. ನನಗೆ ನಾಚಿಕೆಯಾಯಿತು, ಈ ವಯಸ್ಸಿನಲ್ಲಿ ಅಕ್ಕನನ್ನು ಹೆದರಿಸಿಬಿಟ್ಟೆನಲ್ಲ ಎಂದು. ಏನಾದರೂ ಹೇಳಬೇಕು ಎಂದು ತಡಕಾಡಿದೆ. ಮಳೆ ಬಂತಾ ಎಂದು ಕೇಳಲೇ, ಮರಿ ಎಷ್ಟಾದವು ಎಂದು ಕೇಳಲೇ. ಜೀವಮಾನವೆಲ್ಲ ಮಂದಿಯ ಮಾತಿನ ಲೆಕ್ಕ ನೋಡಿದವನಿಗೆ ಒಂದು ಮಾತೂ ಹೊಳೆಯಲಿಲ್ಲ.

"ಇಡ್ತೀನಿ ಅಕ್ಕಾ. ನೀ ಹೆದರಬ್ಯಾಡ" ಎಂದೆ.

"ಕಟ್ ಮಾಡಬ್ಯಾಡ" ಎಂದಳು. ಗದರಿಸಿದ ಹಾಗೆ ಇತ್ತು, ಚಿಕ್ಕವನಿದ್ದಾಗ ಗದರುತ್ತಿದ್ದಂತೆ. "ನಾ ರೊಟ್ಟಿ ಬಡೀಬೇಕು. ಫೋನ್ ಇಲ್ಲೇ ಹಿಟ್ಟಿನ ಡಬ್ಬಿ ಮ್ಯಾಲ ಇಡ್ತೀನಿ. ಮಾತಾಡೂದು ಬ್ಯಾಡ, ಏನೂ ಬ್ಯಾಡ. ನೀ ಸುಮ್ಮ ಇರು."

ಡಬ್ಬಿಯ ಮೇಲೆ ಫೋನಿಟ್ಟ ಸದ್ದು ಕೇಳಿತು. ಬಳೆಗಳ ಸದ್ದು. ಆಮೇಲೆ ಕೊಣಮಿಗೆಯ ಮರದ ತಟ್ಟೆಯ ಮೇಲೆ ರೊಟ್ಟಿ ಬಡಿಯುವ ಸಪ್ಪಳ, ಪಟ್ ಪಟ್ ಪಟ್, ನಡುವೆ ಹಿಟ್ಟು ಉದುರಿಸುವಾಗ ಒಂದಿಷ್ಟು ನಿಲುಗಡೆ, ಮತ್ತೆ ಪಟ್ ಪಟ್. ದೂರದಲ್ಲಿ ಕುರಿಗಳ ಕೂಗು. ನಾನು ಒಲೆ ಆರಿಸಿ, ಶಾಂತಾ ಹಾಸಿದ ಕಲ್ಲಿನ ಮೇಲೆ ಗೋಡೆಗೆ ಒರಗಿ ಕೂತು, ಎರಡೂ ಕೈಯಲ್ಲಿ ಫೋನು ಕಿವಿಗೆ ಒತ್ತಿಕೊಂಡೆ. ಯಾವುದೋ ಆಫೀಸಿನ ಪರದೆಯ ಮೇಲೆ ಆ ಕರೆ ದೀರ್ಘ ಸಂಭಾಷಣೆ ಎಂದು ದಾಖಲಾಗಿರುತ್ತದೆ. ಅಣ್ಣತಮ್ಮ ಅಕ್ಕತಂಗಿಯರು ಈಗ ಹೆಚ್ಚು ಮಾತಾಡುತ್ತಿದ್ದಾರೆ ಎಂದು ಯಾರಾದರೂ ಬರೆದರೂ ಬರೆಯಬಹುದು. ಸುನಂದಾ, ನೀನು ಈ ಕೆಲಸಕ್ಕೆ ಸೇರಿದರೆ ಆ ಸಾಲನ್ನು ಹೊಡೆದುಹಾಕಬೇಡ. ಅದು ತಪ್ಪಲ್ಲ.

ಒಂದೊಂದು ರೊಟ್ಟಿ ಹೆಂಚಿಗೆ ಹಾಕಿದ ಮೇಲೆ ಅಕ್ಕ ಫೋನಿನ ಕಡೆ ಬಾಗಿ ಕೇಳುತ್ತಿದ್ದಳು.

"ಇದ್ದೀ ಏನೋ?"

"ಇದ್ದೀನಕ್ಕಾ."